ಬೋರ್ಡ್ ಬರೆಯುವವನಿಗೆ ಸಿಕ್ಕಿದ 'ಗ'

ನಾನು ಬೋರ್ಡ್ ಬರೆಯುವವನು. ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ ಸುತ್ತಮುತ್ತ ಅಂಗಡಿ ಬೋರ್ಡು, ಲಾರಿ ಹಿಂದಿನ ಅಕ್ಷರ, ಎಸ್ಟೇಟ್ ಗೇಟಿನ ಹೆಸರು ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಅಕ್ಷರದ ಕೆಲಸ ಹೋಯಿತು. ಅಷ್ಟರಲ್ಲಿ ಹೋಮ್‌ಸ್ಟೇಗಳು ಎದ್ದವು, ಗೋಡೆಗೆ ಚಿತ್ರ ಬೇಕು ಅಂದರು, ಬದುಕಿಕೊಂಡೆ. ಎಲ್ಲರಿಗೂ ಬೇಕಾಗಿದ್ದು ನಾಲ್ಕೇ ಚಿತ್ರ. ಅಬ್ಬಿ ಜಲಪಾತ, ಆನೆ, ಹೊಗೆ ಏಳುವ ಕಾಫಿ ಲೋಟ, ಕೊಡವರ ಕುಪ್ಯ (ಉದ್ದ ನಿಲುವಂಗಿ) ಹಾಕಿ ಚೇಲೆ (ಸೊಂಟದ ಪಟ್ಟಿ) ಕಟ್ಟಿದ ಗಂಡಸು. ಫೋಟೋ ಕೊಡುತ್ತಾರೆ. ಅದರ ಮೇಲೆ ಚೌಕ ಹಾಕುತ್ತೇನೆ, ಗೋಡೆ ಮೇಲೂ ಅಷ್ಟೇ ಚೌಕ ಹಾಕುತ್ತೇನೆ, ಒಂದೊಂದೇ ಚೌಕ ತುಂಬುತ್ತೇನೆ. ಸಂಜೆ ಹೊತ್ತಿಗೆ ಆನೆ ರೆಡಿ.

ಸುಂಟಿಕೊಪ್ಪ ಕಡೆಯ ಒಂದು ಹೋಮ್‌ಸ್ಟೇಗೆ ಹೀಗೇ ಆನೆ ಬರೆಯಲು ಹೋಗಿದ್ದೆ. ಯಜಮಾನಿ ನನ್ನ ಫೋಟೋ ನೋಡಿ, "ಪೇಂಟರೇ, ಇದೇ ಆನೆ ಕುಶಾಲನಗರದ ಹೋಟೆಲ್ ಗೋಡೆಯಲ್ಲೂ ಇದೆಯಲ್ವಾ?" ಅಂದರು.

"ಅದನ್ನೂ ನಾನೇ ಬರೆದದ್ದಮ್ಮಾ."

"ಗೊತ್ತು. ಅದಕ್ಕೇ ಕೇಳಿದ್ದು. ನಿಮ್ಮದೇ ಅನ್ನೋದು ಒಂದು ಮಾಡಿಕೊಡಿ. ಅವಸರ ಇಲ್ಲ, ಮಳೆ ಮುಗಿಯಲಿ."

ಮನೆಗೆ ಬಂದು ಡ್ರಾಯಿಂಗ್ ಶೀಟ್ ಹಾಸಿಕೊಂಡು ಕೂತೆ. ಫೋಟೋ ಇಲ್ಲ, ಚೌಕ ಇಲ್ಲ. ಪೆನ್ಸಿಲ್ ಇಟ್ಟರೆ ಸೊಂಡಿಲು ಬರುತ್ತದೆ! ಅಳಿಸಿ ಮತ್ತೆ ಇಟ್ಟರೆ ಜಲಪಾತ. ನಿಜ ಹೇಳ್ತೇನೆ, ಹತ್ತು ದಿನ ಹೀಗೇ ಹೋಯಿತು. ಮಗ್ಗಿ ಬಾಯಿಪಾಠ ಆಗುತ್ತದಲ್ಲ, ಹಾಗೆ ಕೈಗೂ ಬಾಯಿಪಾಠ ಆಗಿಬಿಟ್ಟಿತ್ತು.

ಕೊನೆಗೆ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಇದುವರೆಗೆ ಯಾವ ಬೋರ್ಡಿಗೂ ಬರೆಯದ ವಸ್ತುವನ್ನೇ ಬರೆಯಬೇಕು. ಅದನ್ನು ದಿನಾ ನೋಡುತ್ತಿರಬೇಕು. ಫೋಟೋ ತೆಗೆಯಕೂಡದು. ಜುಲೈ ತಿಂಗಳು. ನಮ್ಮ ಮನೆ ಮುಂದೆ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋಗುವ ಹೆಂಗಸರ ಸಾಲು ಹೋಗುತ್ತದೆ. ತಲೆಯಿಂದ ಮೊಣಕಾಲಿನವರೆಗೆ ನೀಲಿ ಪ್ಲಾಸ್ಟಿಕ್ ಕೊಪ್ಪೆ. ಮುಖ ಕಾಣುವುದಿಲ್ಲ. ಅವರನ್ನೇ ಹಿಡಿದುಕೊಂಡೆ.

ಒಂದು ಶೀಟಿನಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಮನೆಗಳನ್ನು ಗೆರೆ ಹಾಕಿ, 40 ಮನೆ ಮಾಡಿಕೊಂಡೆ. ಅವರು ದಾಟಿ ಹೋದ ಮೇಲೆ ಒಳಗೆ ಬಂದು ನೆನಪಿನಿಂದ ತುಂಬಿಸುವುದು. ಮೊದಲ ಹತ್ತು ಹನ್ನೆರಡು ಮನೆಗಳಲ್ಲಿ ಬರೀ ಕ್ಯಾಲೆಂಡರ್ ಹೆಂಗಸರು, ಕೊಪ್ಪೆ ಹಾಕಿಸಿದ್ದು ಅಷ್ಟೇ. ಹದಿನೈದರ ಆಚೆ ಕೈಗೆ ಬೇಜಾರು ಹತ್ತುತ್ತದೆ. ಬೇಜಾರು ಹತ್ತಿದಾಗಲೇ ಕೈ ಸುಮ್ನೆ ಅಡ್ಡದಾರಿ ಹಿಡಿಯುತ್ತದೆ, ಅಲ್ಲಿಂದ ನೋಡಬೇಕು. ಕಾಲು ಬಿಟ್ಟುಹೋಯಿತು. ಕೈ ಹೋಯಿತು. ಮೂವತ್ತರ ಹೊತ್ತಿಗೆ ಬಾಗಿದ ಬೆನ್ನು, ಮೇಲೊಂದು ಚೂಪು, ಕೆಳಗೆ ಖಾಲಿ, ಅಷ್ಟೇ ಉಳಿದಿತ್ತು. ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ.

ಹೊಳೆದದ್ದು ಇಲಿಯ ದಯೆಯಿಂದ. ಅಟ್ಟದಲ್ಲಿಟ್ಟಿದ್ದ ಹಳೆ ಅಕ್ಷರದ ಕಾಗದಗಳಿಗೆ ಇಲಿ ಬಿದ್ದಿತ್ತು. ದೊಡ್ಡ ಬೋರ್ಡಿಗೆ ಮೊದಲು ಕಾಗದದಲ್ಲಿ ಅಕ್ಷರ ಕತ್ತರಿಸಿ ಅಳತೆ ನೋಡುತ್ತಿದ್ದೆವು, ಅವು. ಗುಡಿಸಿ ಹೊರಗೆ ಹಾಕುವಾಗ 'ಕೊಡಗು' ಎಂಬುದರ ಕೊಂಬು ಕಳಚಿ ಬರೀ 'ಗ' ಮಾತ್ರ ನನ್ನ ಶೀಟಿನ ಮೇಲೆ ಬಿತ್ತು. ಬಿದ್ದದ್ದು ಅಕ್ಷರ ಅಲ್ಲ, ಕೊಪ್ಪೆ ಹಾಕಿದ ಹೆಂಗಸು! ಮೇಲಿನ ತಲೆಕಟ್ಟೇ ಕೊಪ್ಪೆಯ ಚೂಪು. ಎರಡು ಕಡೆ ಇಳಿದ ಕಮಾನೇ ಪ್ಲಾಸ್ಟಿಕ್ಕಿನ ಅಂಚು. ಎಷ್ಟು ಸಾವಿರ ಸಲ ಆ ಅಕ್ಷರ ಬರೆದಿದ್ದೇನೋ, ಒಂದು ಸಲವೂ ಕಂಡಿರಲಿಲ್ಲ.

ಸಿಕ್ಕಿತಲ್ಲ, ಇನ್ನೇನು ಮುಗೀತು ಅಂದುಕೊಂಡೆ. ಮುಗಿಯಲಿಲ್ಲ. ಹತ್ತು 'ಗ' ಕತ್ತರಿಸಿ ಸಾಲಾಗಿ ಅಂಟಿಸಿದರೆ ಶಾಲೆಯ ಕಾಪಿ ಪುಸ್ತಕದ ಥರ ಕಂಡಿತು. ಮಗಳು ಬಂದು ನೋಡಿ, "ಅಪ್ಪಾ, ಯಾರಿಗೆ ಅಕ್ಷರಾಭ್ಯಾಸ?" ಅಂದಳು. ಅಂದಿನಿಂದ ಅಂಟಿಸುವುದನ್ನೇ ನಿಲ್ಲಿಸಿದೆ. ತುಂಡುಗಳನ್ನು ಹಲಗೆ ಮೇಲೆ ಹಾಗೇ ಇಟ್ಟು ಸರಿಸುವುದು, ಮೊಬೈಲಿನಲ್ಲಿ ಫೋಟೋ ಹೊಡೆದಿಡುವುದು, ಮತ್ತೆ ಕೆಡಿಸುವುದು. ಅಂಟಿಸದೆ ಒಂದು ವಾರ ಆಟ ಆಡಿದ್ದೇ ನನಗೆ ಜಾಸ್ತಿ ಕಲಿಸಿತು. ಕತ್ತರಿ ಬಿಟ್ಟು ಕೈಯಲ್ಲಿ ಹರಿದಾಗ ಅಂಚು ಒರಟಾಗಿ ಅಕ್ಷರತನ ಕಡಿಮೆಯಾಯಿತು. ಹತ್ತರಲ್ಲಿ ಆರು ತೆಗೆದೆ. ಒಂದನ್ನು ತೀರಾ ದೊಡ್ಡದು ಮಾಡಿ ಅರ್ಧ ಚೌಕಟ್ಟಿನ ಹೊರಗೆ ತಳ್ಳಿದೆ. ಹಾಗೆ ಉಳಿದದ್ದನ್ನು ನೋಡಿಕೊಂಡು ಮತ್ತೆ ಪೆನ್ಸಿಲಿನಲ್ಲಿ ಬರೆದೆ. ಆಗ ಬಂದ ಬಾಗು ಮೊದಲಿನ 40 ಮನೆಗಳಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನೋಡಿ ಮತ್ತೆ ಹರಿದೆ. ಬರೆಯುವುದು, ಹರಿಯುವುದು, ಬರೆಯುವುದು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಕೊಲಾಜ್ ಅಂದರೆ ದೊಡ್ಡ ಕಾಲೇಜಿನವರ ಕೆಲಸ ಅಂತ ಅಂದುಕೊಂಡಿದ್ದೆ. ಫ್ರೆಂಚಿನಲ್ಲಿ ಆ ಪದದ ಮೂಲಕ್ಕೆ ಅಂಟಿಸುವುದು ಅಂತಷ್ಟೇ ಅರ್ಥವಂತೆ. 1912ರಲ್ಲಿ ಪಿಕಾಸೊ, ಬ್ರಾಕ್ ಎಂಬ ಕಲಾವಿದರಿಬ್ಬರೂ ಚಿತ್ರಕ್ಕೆ ಸಿದ್ಧ ಕಾಗದ, ಬಟ್ಟೆ ಅಂಟಿಸಲು ಹಿಡಿದರು. ಅವರಲ್ಲಿ ಜಾರ್ಜ್ ಬ್ರಾಕ್ ನಮ್ಮ ಕಸುಬಿನವನೇ! ಅಪ್ಪ, ಅಜ್ಜ ಮನೆಗಳಿಗೆ ಬಣ್ಣ ಹೊಡೆಯುವವರು. ಅವನೂ ಅದನ್ನೇ ಕಲಿತವನು. ನಾವು ಬಾಗಿಲಿಗೆ ತೇಗದ ಎಳೆ ಬರಿಸಲು ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆಯುತ್ತೇವಲ್ಲ, ಅದು ಅವನಿಗೂ ಗೊತ್ತಿತ್ತು. ಮರದ ಎಳೆ ಅಚ್ಚಾದ ಗೋಡೆ ಕಾಗದವನ್ನು ಅಂಗಡಿಯಲ್ಲಿ ಕಂಡು, ತಂದು ಚಿತ್ರಕ್ಕೆ ಅಂಟಿಸಿದ. ಇದನ್ನು ಓದಿದ ದಿನ ನನಗೆ ಸ್ವಲ್ಪ ಧೈರ್ಯ ಬಂತು.

ಮರಗಳಿಗೆ ನಾನು ಬಣ್ಣ ಮುಟ್ಟಲಿಲ್ಲ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿರಲಿಲ್ವಾ, ಅದೇ ಉಪಾಯ. ಮಳೆಯಲ್ಲಿ ನಿಂತ ಸಿಲ್ವರ್ ಓಕ್ ಮರಕ್ಕೆ ಕಾಗದ ಹಚ್ಚಿದರೆ ಮುದ್ದೆಯಾಗುತ್ತದೆ. ಸೌದೆ ಕೊಟ್ಟಿಗೆಯಲ್ಲಿ ಒಣಗಿದ್ದ ತುಂಡಿನ ತೊಗಟೆ ಮೇಲೆ ತೆಳು ಕಾಗದ ಇಟ್ಟು 4ಬಿ ಪೆನ್ಸಿಲ್ ಉಜ್ಜಿದೆ. ಉದ್ದಕ್ಕೆ ಹರಿದು ನಿಲ್ಲಿಸಿದರೆ ಮರದ ಸಾಲು.

ನೀಲಿಯೇ ನನ್ನನ್ನು ಸತಾಯಿಸಿದ್ದು. ಮ್ಯಾಗಜೀನಿನಲ್ಲಿ ಹುಡುಕಿದ ನೀಲಿಗಳೆಲ್ಲ ಸಮುದ್ರದ ನೀಲಿ. ನಮ್ಮ ಕಡೆಯ ನೀಲಿ ಬೇರೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗ ಬಾರದ ಹಾಗೆ ಕಾಫಿ ಗಿಡಕ್ಕೆ ಬೋರ್ಡೋ ಎಂಬ ಔಷಧಿ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದು ಎಲೆ ಮೇಲೆ ಒಣಗಿ ಬಿಳಿಚಿದ ನೀಲಿಯಾಗಿ ಕೂರುತ್ತದೆ, ಸುಣ್ಣದ ಗೋಡೆಗೆ ಆಕಾಶ ಒರೆಸಿದ ಹಾಗೆ. ಅದು ಬೇಕಿತ್ತು. ಮಾತೀಸ್ ಎಂಬ ಕಲಾವಿದ 1941ರ ಆಪರೇಷನ್ ಆದ ಮೇಲೆ ಜಾಸ್ತಿ ಓಡಾಡಲಾಗದೆ, ಬಣ್ಣ ಬಳಿದ ಕಾಗದವನ್ನೇ ಕತ್ತರಿಸಿ ಚಿತ್ರ ಮಾಡುತ್ತಿದ್ದನಂತೆ. ಹಾಗೇ ನಾನೂ ಮೊದಲು ಕಾಗದಕ್ಕೆ ಬಣ್ಣ ಬಳಿದುಕೊಂಡೆ. ಬಿಳಿಗೆ ಥ್ಯಾಲೋ ಎಂಬ ಕಡು ನೀಲಿ, ಸೂಜಿ ಮೊನೆಯಷ್ಟು ಹಳದಿ. ಥ್ಯಾಲೋ ಹುಷಾರು, ಚೂರು ಹೆಚ್ಚಾದರೆ ಡಬ್ಬದ ಬಿಳಿಯನ್ನೆಲ್ಲ ನುಂಗಿಬಿಡುತ್ತದೆ. ಏಳು ಶೀಟು ಬಳಿದೆ, ಎರಡು ಸರಿಬಂತು.

ಅಂಟಿನ ಕಥೆ ಬೇರೆ. ಮೊದಲ ಸಲ ಮೈದಾ ಅಂಟು ಕಾಯಿಸಿ ಹಾಕಿದೆ. ನಾಲ್ಕೇ ದಿನಕ್ಕೆ ಬೂಸ್ಟು! ಮಡಿಕೇರಿ ಮಳೆಗೆ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಮೈದಾ ಬಿಡುತ್ತಾ? ಎರಡನೇ ಸಲ ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ, ನಡುವಿನಿಂದ ಅಂಚಿಗೆ ಒತ್ತುತ್ತಾ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ರಟ್ಟು ಬಿಲ್ಲಿನ ಹಾಗೆ ಬಾಗಿತ್ತು. ಕಾಗದ ಒಣಗುವಾಗ ಕುಗ್ಗಿ ಒಂದೇ ಕಡೆಗೆ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿದರೆ ಎರಡೂ ಕಡೆ ಎಳೆದು ಸಮ ನಿಲ್ಲುತ್ತದೆ. ಕೊನೆಯದಕ್ಕೆ ರಟ್ಟೇ ಬೇಡ ಅಂತ ಪ್ರೈಮರ್ ಹೊಡೆದ ಪ್ಲೈವುಡ್ ತಗೊಂಡೆ, 4 ಅಡಿ ಅಗಲ, 3 ಅಡಿ ಎತ್ತರ. ನ್ಯೂಸ್‌ಪೇಪರಿನ ತುಂಡು ಹಾಕಬೇಡಿ, ಬೇಗ ಹಳದಿಯಾಗುತ್ತದೆ. ನಾನು ಹಾಕಿದ್ದ ಒಂದನ್ನು ಕಿತ್ತುಹಾಕಿದೆ. ಎಲ್ಲ ಒಣಗಿದ ಮೇಲೆ ಮಂಜಿಗೆ ತೆಳು ಬಿಳಿ ಅಕ್ರಿಲಿಕ್ ಒಂದು ಕೈ ಎಳೆದೆ. ಹಿಂದಿನ ಎರಡು 'ಗ' ಅದರೊಳಗೆ ಮುಕ್ಕಾಲು ಮುಳುಗಿದವು.

ತುಲಾ ಸಂಕ್ರಮಣ ಕಳೆದು ಚಿತ್ರ ತೆಗೆದುಕೊಂಡು ಹೋದೆ. ಯಜಮಾನಿ ತುಂಬಾ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಕಾಫಿ ತಂದುಕೊಟ್ಟ ಕೆಲಸದಾಕೆ ಮಾತ್ರ ಮುಂದೆ ಬಂದು, ಹಿಂದಿನ ಸಣ್ಣದನ್ನು ಬೆರಳಲ್ಲಿ ತೋರಿಸಿ, "ಇವಳಿಗೆ ಇವತ್ತು ಲೇಟಾಗಿದೆ" ಅಂದಳು. ಅಕ್ಷರ ಅಂತ ಇಬ್ಬರಿಗೂ ಕಂಡಿಲ್ಲ. ನಾನೂ ಹೇಳಲಿಲ್ಲ.

ಈಗ 'ಠ' ಹಿಡಿದುಕೊಂಡಿದ್ದೇನೆ. ಕಾಫಿ ಹಣ್ಣಿನ ತುದಿಯಲ್ಲೂ ಒಂದು ಚುಕ್ಕೆ ಇರುತ್ತದಲ್ಲ. ಮೂರು ಶೀಟು, 120 ಮನೆ ಮುಗಿದಿವೆ. ಇನ್ನೂ ಅಕ್ಷರವೇ ಕಾಣುತ್ತಿದೆ.