ಬೇಸಿಗೆ ಶಿಬಿರದಲ್ಲಿ ಮಳೆ ಬರಿಸುವುದು ಹೇಗೆ?

ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿತ್ತು ಅಂದರೆ ನಾಲ್ಕೈದು ವರ್ಷದ ಮಕ್ಕಳಿರುವ ಮನೆಯಲ್ಲೆಲ್ಲ ಒಂದೇ ಚಿಂತೆ. ಮೇ ಮುಗಿಯುವವರೆಗೆ ಇವರನ್ನು ಹಿಡಿದಿಡುವುದು ಹೇಗಪ್ಪಾ? ನಮ್ಮ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆಯ ಮಕ್ಕಳ ಬೇಸಿಗೆ ಶಿಬಿರ ‘ಚಿಣ್ಣರ ಮೇಳ’ ಇದೆ, ಆದರೆ ಅದು ಸ್ವಲ್ಪ ಬಲಿತ ಮಕ್ಕಳಿಗೆ. ಇನ್ನೂ ಚಪ್ಪಲಿ ಎಡ ಬಲ ಗೊತ್ತಾಗದವರಿಗೆ ನಮ್ಮ ಬೀದಿಯಲ್ಲೇ ಏನಾದರೂ ಮಾಡಬೇಕು. ಮಕ್ಕಳಿಗೆ ಹಾಡು ಹೇಳಿಕೊಡುವ ನಾನು ಕೆಲವು ವರ್ಷಗಳಿಂದ ಮನೆಯ ಮಹಡಿ ಹಾಲ್‌ನಲ್ಲಿ ಹತ್ತು ದಿನದ ಶಿಬಿರ ಮಾಡುತ್ತಿದ್ದೇನೆ. ಎಡವಿದ್ದೂ ಉಂಟು, ಅದನ್ನೂ ಹೇಳುತ್ತೇನೆ.

ಮೊದಲು ಥೀಮ್ ಹಿಡಿಯಿರಿ

ಮೊದಲ ವರ್ಷ ನಾನು ‘ಕಾಡು’ ಅಂತ ಇಟ್ಟೆ. ಗೋಡೆ ತುಂಬ ಥರ್ಮಾಕೋಲ್ ಮರ, ಮಕ್ಕಳ ಮುಖಕ್ಕೆಲ್ಲ ಹುಲಿ ಬಣ್ಣ. ಆಮೇಲೆ ಮಾಡಿದ್ದೇನು ಅಂದರೆ ಸಿನಿಮಾ ಹಾಡು ಹಾಕಿ ಸ್ಟೆಪ್ ಕಲಿಸಿದ್ದು! ಕಾಡು ಗೋಡೆಯ ಮೇಲೇ ಉಳಿಯಿತು, ಮಕ್ಕಳ ಕಿವಿಗೂ ಬರಲಿಲ್ಲ, ಕಾಲಿಗೂ ಬರಲಿಲ್ಲ.

ಈಗ ಥೀಮ್ ಆರಿಸುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದಕ್ಕೆ ಸದ್ದು ಇದೆಯಾ? ಇದು ಮೆಲ್ಲಗೆ ಶುರುವಾಗಿ ಜೋರಾಗುತ್ತಾ? ಸಂತೆ ಆಗುತ್ತದೆ, ರೈಲು ಆಗುತ್ತದೆ. ‘ಬಾಹ್ಯಾಕಾಶ’ ನೋಡಲು ಚೆಂದ, ಆದರೆ ಅಲ್ಲಿ ಸದ್ದೇ ಇಲ್ಲವಲ್ಲ. ನನಗೆ ಎಲ್ಲಕ್ಕಿಂತ ಒಗ್ಗಿದ್ದು ಮಳೆ. ಕಾಲವೂ ಹೊಂದುತ್ತದೆ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಕರೆಯುತ್ತಾರಲ್ಲ: ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ, 27ರ ಹೊತ್ತಿಗೆ ಭರಣಿ, ಮೇ 11ರ ಆಸುಪಾಸು ಕೃತ್ತಿಕೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವ ಗಾದೆಯನ್ನೇ ಚಪ್ಪಾಳೆ ತಟ್ಟುತ್ತಾ ಹೇಳಿಸಿ ನೋಡಿ. ಅರ್ಥ ಯಾರೂ ಕೇಳುವುದಿಲ್ಲ. ಭರಣಿ, ಧರಣಿ ಅಂತ ಮನೆಗೆ ಹೋಗುವವರೆಗೂ ಹೇಳಿಕೊಂಡೇ ಹೋಗುತ್ತಾರೆ.

ಜಾಗ, ಹೊತ್ತು, ಜನ

ನಾಲ್ಕರಿಂದ ಏಳು ವರ್ಷದ ಹದಿನಾರು ಮಕ್ಕಳು ಸಾಕು. ಎಂಟು ಮಕ್ಕಳಿಗೆ ಒಬ್ಬರಂತೆ ಇಬ್ಬರು ದೊಡ್ಡವರು ಒಳಗೆ ಇರಲೇಬೇಕು, ಜೊತೆಗೆ ಬಚ್ಚಲುಮನೆಗೆ ಕರೆದೊಯ್ಯಲು ಮತ್ತೊಬ್ಬರು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡು. ತಾರಸಿ ಬೇಡ, ಹತ್ತು ಗಂಟೆಗೆಲ್ಲ ಕಾಲು ಸುಡುತ್ತದೆ. ನೆಲ ಮೊಸಾಯಿಕ್ ಅಥವಾ ಟೈಲ್ಸ್ ಆಗಿದ್ದರೆ ಸಾಕ್ಸ್ ಬಿಚ್ಚಿಸಿ, ಬರಿಗಾಲೇ ಸರಿ. ಹನ್ನೊಂದಕ್ಕೆ ಪಾನಕ ಅಥವಾ ನೀರುಮಜ್ಜಿಗೆ, ಜೊತೆಗೆ ಬಾಳೆಹಣ್ಣು. ಯಾವುದು ಒಗ್ಗಲ್ಲ ಅಂತ ಸೇರಿಸಿಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಕಡಲೇಬೀಜ ಮಾತ್ರ ಬೇಡವೇ ಬೇಡ, ಕುಣಿಯುತ್ತಾ ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವುದೂ ಬರಹದಲ್ಲಿರಲಿ. ವಾಟ್ಸಾಪ್ ಗುಂಪಿಗೆ ಫೋಟೊ ಹಾಕುವ ಮೊದಲು ಅಪ್ಪ ಅಮ್ಮಂದಿರನ್ನು ಕೇಳಿ.

ಮೊದಲ ದಿನ: ಅಂಗೈ ಮಳೆ

ಅಳುವ ಮಗು ಒಂದಾದರೂ ಇರುತ್ತದೆ. ಹೆಸರು ಕೇಳಬೇಡಿ, ಎಲ್ಲರ ಮುಂದೆ ನಿಲ್ಲಿಸಲೂಬೇಡಿ. ಸುಮ್ನೆ ದುಂಡಗೆ ಕೂರಿಸಿ, ನೀವೇ ಅಂಗೈ ಉಜ್ಜಲು ಶುರು ಮಾಡಿ. ಅದು ಗಾಳಿ. ಆಮೇಲೆ ಎಡ ಅಂಗೈ ಮೇಲೆ ಬಲಗೈಯ ಒಂದು ಬೆರಳು: ತುಂತುರು. ಎರಡು ಬೆರಳು, ನಾಲ್ಕು ಬೆರಳು, ಪೂರ್ತಿ ಚಪ್ಪಾಳೆ. ಅಲ್ಲಿಂದ ತೊಡೆ ತಟ್ಟುವುದು, ಕೊನೆಗೆ ಎದ್ದು ನಿಂತು ನೆಲ ತುಳಿಯುವುದು, ಒಬ್ಬರು ಖಾಲಿ ಎಣ್ಣೆ ಡಬ್ಬ ಬಡಿದರೆ ಗುಡುಗು. ಈಗ ಇದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ. ತೊಡೆ, ಚಪ್ಪಾಳೆ, ನಾಲ್ಕು ಬೆರಳು, ಎರಡು, ಒಂದು, ಬರೀ ಗಾಳಿ, ಸುಮ್ಮನೆ.

ಆ ಕೊನೆಯ ಸುಮ್ಮನೆ ಇದೆಯಲ್ಲ, ಅದೇ ಇಡೀ ಶಿಬಿರದ ಅತಿ ಕಷ್ಟದ ಪಾಠ. ಮೊದಲ ದಿನ ಎರಡು ಸೆಕೆಂಡು ನಿಲ್ಲುತ್ತದೆ, ಹತ್ತನೇ ದಿನಕ್ಕೆ ಫ್ಯಾನ್ ಸದ್ದು ಕೇಳಿಸುವಷ್ಟು. ಚಿಟಿಕೆ ಹೊಡೆಸಬೇಡಿ, ಐದು ವರ್ಷದವರಿಗೆ ಅದು ಬರುವುದಿಲ್ಲ. ಬಾರದ ಕೈಯನ್ನೇ ನೋಡಿಕೊಂಡು ಸಪ್ಪಗಾಗುತ್ತಾರೆ.

ಎರಡನೇ, ಮೂರನೇ ದಿನ: ವಾದ್ಯ

ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರುವ ಗಟ್ಟಿ ರಟ್ಟಿನ ಕೊಳವೆ ಕೇಳಿ, ಕೊಡುತ್ತಾರೆ. ಮೊಳದುದ್ದ ಕತ್ತರಿಸಿ, ಸುತ್ತಲೂ ಸುರುಳಿಯಾಗಿ ಸಣ್ಣ ಮೊಳೆ ಹೊಡೆಯಿರಿ (ಇದು ನಿಮ್ಮ ಕೆಲಸ, ಹಿಂದಿನ ರಾತ್ರಿಯೇ ಮುಗಿಸಿ). ಮೊಳೆ ಕೊಳವೆಯ ಅಗಲಕ್ಕಿಂತ ಚಿಕ್ಕದಿರಲಿ, ಇಲ್ಲದಿದ್ದರೆ ಆಚೆ ಬದಿಯಿಂದ ಚುಚ್ಚುತ್ತದೆ. ಮೇಲೆ ದಪ್ಪ ಟೇಪ್ ಸುತ್ತಿ. ಮಕ್ಕಳು ಒಳಗೆ ಕಾಳು ಹಾಕುತ್ತಾರೆ, ನೀವು ಬಾಯಿ ಮುಚ್ಚಿ ಟೇಪ್ ಹಚ್ಚುತ್ತೀರಿ. ಓರೆ ಮಾಡಿದರೆ ಸುರ್ ಅಂತ ಮಳೆ. ರಾಗಿ ಹಾಕಿದರೆ ಜಡಿ ಮಳೆ, ಅಕ್ಕಿಗೆ ಸ್ವಲ್ಪ ಬಿರುಸು, ಹೆಸರುಕಾಳಿಗೆ ಆಲಿಕಲ್ಲು. ಕಣ್ಣು ಮುಚ್ಚಿಸಿ ‘ಇದು ಯಾವ ಕಾಳು?’ ಅಂತ ಕೇಳಿ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಡೊಳ್ಳು ತರಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಾಲ್ ಒಳಗೆ ಬೇಡ, ಪುಟ್ಟವರು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾರೆ. ಅಂಗಳದಲ್ಲಿ, ದೂರದಿಂದ ಕೇಳಿಸಿ.

ಆಮೇಲೆ ಕಾಲು

ಕೊನ್ನಕ್ಕೋಲು ಅಂದರೆ ತಾಳವನ್ನು ಬಾಯಲ್ಲೇ ನುಡಿಸುವುದು. ಅದರ ಎರಡು ಜತಿ, ಅಂದರೆ ಎರಡು ಪುಟ್ಟ ಲಯದ ಗುಚ್ಛ, ಸಾಕು. ತಕದಿಮಿ ನಾಲ್ಕು ಎಣಿಕೆ: ಕೊಡೆ ಹಿಡಿದು ನಡೆಯುವ ಅಜ್ಜ, ಒಂದೊಂದು ಅಕ್ಷರಕ್ಕೆ ಒಂದೊಂದು ಹೆಜ್ಜೆ. ತಕಿಟ ಮೂರು ಎಣಿಕೆ: ಕಪ್ಪೆ, ‘ತ’ ಅಂದಾಗ ಹಾರು, ‘ಕಿಟ’ ಅನ್ನುವಷ್ಟು ಹೊತ್ತು ಕೂರು. ನೀವು ಜತಿ ಬದಲಿಸಿದ ತಕ್ಷಣ ಅಜ್ಜ ಕಪ್ಪೆಯಾಗಬೇಕು. ‘ಮಳೆ ನಿಂತಿತು’ ಅಂದರೆ ಇದ್ದಲ್ಲೇ ಕಲ್ಲು. ಹದಿನಾರು ಕಪ್ಪೆಗಳನ್ನು ಗದರದೆ ನಿಲ್ಲಿಸಲು ನನಗೆ ಗೊತ್ತಿರುವ ಒಂದೇ ಉಪಾಯ ಇದು. ಐದು, ಏಳು ಎಣಿಕೆಗೆ ಕೈ ಹಾಕಬೇಡಿ, ಅದು ನಮ್ಮ ಜಂಬಕ್ಕೆ ಆಗುತ್ತದೆ ಅಷ್ಟೆ.

ಕೋಲಾಟ ಆರನೇ ದಿನದಿಂದ. ಒಂದು ವರ್ಷ ಅಂಗಡಿಯ ಮರದ ಕೋಲು ಕೊಟ್ಟಿದ್ದೆ. ಹತ್ತೇ ನಿಮಿಷಕ್ಕೆ ಒಬ್ಬಳ ಬೆರಳ ಗೆಣ್ಣು ಊದಿತು, ತಪ್ಪು ನನ್ನದೇ. ಈಗ ಹಳೆಯ ಪತ್ರಿಕೆಯ ಎರಡು ಹಾಳೆ ಬಿಗಿಯಾಗಿ ಸುತ್ತಿ ಟೇಪ್ ಹಾಕಿದರೆ ಕೋಲು ಸಿದ್ಧ. ಈ ಪುರವಣಿಯೂ ಆದೀತು, ಓದಿ ಮುಗಿಸಿದ ಮೇಲೆ. ಎದುರಿನವರ ಕೋಲಿಗೆ ಹೊಡೆಸುವ ಮೊದಲು ಎರಡು ದಿನ ತಮ್ಮ ಕೋಲಿಗೆ ತಾವೇ ತಾಗಿಸಿಕೊಳ್ಳಲಿ.

ಹಾಡು

ಮಳೆ ಅಂದ ಕೂಡಲೇ ಸಂಗೀತ ಗೊತ್ತಿದ್ದವರು ಅಮೃತವರ್ಷಿಣಿ ರಾಗ ಅನ್ನುತ್ತಾರೆ. ಸ್ವರ ಐದೇ, ನಿಜ. ಆದರೆ ಅದರ ಪ್ರತಿಮಧ್ಯಮ (ಸ್ವಲ್ಪ ಏರಿಸಿ ಹಾಡುವ ‘ಮ’) ನಾಲ್ಕು ವರ್ಷದ ಗಂಟಲಿಗೆ ಸುಲಭಕ್ಕೆ ಕೂರುವುದಿಲ್ಲ. ಮೋಹನ ರಾಗದಲ್ಲಿ ಎರಡು ಸಾಲು ನೀವೇ ಕಟ್ಟಿ. ಇಲ್ಲವೇ ಮನೆಯ ಅಜ್ಜಿಯರನ್ನು ಒಂದು ದಿನ ಕರೆಸಿ, ಮಳೆರಾಯನ ಹಾಡು ಒಬ್ಬರಿಗಾದರೂ ಗೊತ್ತಿರುತ್ತದೆ. ಶ್ರುತಿ ಮಕ್ಕಳದ್ದಿರಲಿ, ನಿಮ್ಮದಲ್ಲ. ಕೆಳಗಿನ ಶ್ರುತಿ ಹಿಡಿದರೆ ಅವರು ಹಾಡುವುದಿಲ್ಲ, ಗೊಣಗುತ್ತಾರೆ. ಸ್ಪೀಕರ್ ಇಲ್ಲದೆಯೇ ಹಾಡಿ, ಕರೆಂಟ್ ಹೋದರೂ ಶಿಬಿರ ನಿಲ್ಲುವುದಿಲ್ಲ.

ಕೊನೆಯ ದಿನ

ವೇದಿಕೆ, ಬಾಡಿಗೆ ಡ್ರೆಸ್, ಲಿಪ್‌ಸ್ಟಿಕ್ ಯಾವುದೂ ಬೇಡ. ಅದಕ್ಕೆ ಕೈ ಹಾಕಿದರೆ ಕೊನೆಯ ನಾಲ್ಕು ದಿನ ಬರೀ ಪ್ರಾಕ್ಟೀಸ್‌ಗೇ ಹೋಗುತ್ತದೆ. ಜಮಖಾನ ಹಾಸಿ ಅಪ್ಪ ಅಮ್ಮಂದಿರನ್ನೇ ದುಂಡಗೆ ಕೂರಿಸಿ. ಒಂದೊಂದು ಮಗು ಸರದಿಯಲ್ಲಿ ನಡುವೆ ನಿಂತು ಮಳೆ ಬರಿಸಲಿ: ಕೈ ಕೆಳಗಿದ್ದರೆ ತುಂತುರು, ಎದೆಮಟ್ಟಕ್ಕೆ ಬಂದರೆ ಚಪ್ಪಾಳೆ, ತಲೆಯ ಮೇಲೆ ಹೋದರೆ ದೊಡ್ಡವರೆಲ್ಲ ಎದ್ದು ನೆಲ ತುಳಿಯಬೇಕು. ಹೋದ ವರ್ಷ ಹತ್ತು ದಿನವೂ ಬಾಯಿ ಬಿಡದಿದ್ದ ಒಬ್ಬ ಪುಟ್ಟ ಕೈ ಮೇಲೆತ್ತಿದವನು ಇಳಿಸಲೇ ಇಲ್ಲ. ಬ್ಯಾಂಕಿನ ಅಪ್ಪಂದಿರೂ ಟೀಚರ್ ಅಮ್ಮಂದಿರೂ ಬೆವರು ಸುರಿಸಿಕೊಂಡು ತುಳಿದದ್ದೇ ತುಳಿದದ್ದು. ಕೊನೆಗೆ ಬಾಗಿಲು ತಟ್ಟಿ ಮಳೆ ನಿಲ್ಲಿಸಿದವರು ಕೆಳಗಿನ ಮನೆಯ ಬಾಡಿಗೆಯವರು. ನಿಮ್ಮದೂ ಮಹಡಿಯಾದರೆ ಅವರಿಗೆ ಹಿಂದಿನ ದಿನವೇ ಹೇಳಿಡಿ.