ದೇಶದ ಆಹಾರ ವ್ಯವಸ್ಥೆಯ ಹಸಿರುಮನೆ ಅನಿಲಗಳ ಲೆಕ್ಕವನ್ನು ಓದುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿವೆ; ಜೋಡೆತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಟಿಲ್ಲರ್ ನಿಂತಿದೆ. ಗದ್ದೆಯ ನೀರು ಬತ್ತಿದರೂ, ಮೆಲುಕು ಹಾಕುವ ಎತ್ತು ಹೋದರೂ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಕಡಿಮೆಯಾಗುತ್ತದೆ. ಹಾಗೆಂದು ನಮ್ಮ ಊಟದಿಂದ ವಾತಾವರಣಕ್ಕೆ ಸೇರುವ ಅನಿಲಗಳು ಕಡಿಮೆಯಾದವೆಂದು ಹೇಳಲು ಬರುವುದಿಲ್ಲ. ಒಂದು ದೇಶದ ಐವತ್ತು ಅರವತ್ತು ವರ್ಷಗಳ ಅಂಕಿಗಳನ್ನು ಓದುವಾಗಲೂ ಇದೇ ತೊಡಕು ಎದುರಾಗುತ್ತದೆ. ನಕ್ಷೆಯ ಗೆರೆ ಏರಿದೆಯೋ ಇಳಿದಿದೆಯೋ ಎಂದು ನೋಡುವ ಮೊದಲು ಆ ಗೆರೆಯೊಳಗೆ ಏನೇನು ಸೇರಿದೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಪದವಿ ತರಗತಿಯ ವಿದ್ಯಾರ್ಥಿಗಳಿಗೂ ಸಹಕಾರ ಸಂಘಗಳಲ್ಲಿ ಕೆಲಸ ಮಾಡುವವರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಲೆಕ್ಕದ ಎಲ್ಲೆಯನ್ನು ಗುರುತಿಸಿಕೊಳ್ಳಿ. ಸರ್ಕಾರಗಳು ವಿಶ್ವಸಂಸ್ಥೆಗೆ ಸಲ್ಲಿಸುವ ವರದಿಗಳಲ್ಲಿ ‘ಕೃಷಿ’ ಎಂಬ ವಿಭಾಗವಿರುತ್ತದೆಯೇ ಹೊರತು ‘ಆಹಾರ’ ಎಂಬ ವಿಭಾಗ ಇರುವುದಿಲ್ಲ. ಜಾನುವಾರು, ಭತ್ತದ ಗದ್ದೆ, ಗೊಬ್ಬರ ಹಾಕಿದ ಮಣ್ಣು, ಹೊಲದಲ್ಲಿ ಸುಡುವ ಕೂಳೆ ಕೃಷಿಯ ಲೆಕ್ಕಕ್ಕೆ ಬರುತ್ತವೆ. ಟಿಲ್ಲರಿನ ಡೀಸೆಲ್, ಅಕ್ಕಿ ಗಿರಣಿಯ ವಿದ್ಯುತ್ತು, ಹಾಲಿನ ಶೀತಲೀಕರಣ ಘಟಕ, ಸಂತೆಗೆ ತರಕಾರಿ ತರುವ ಲಾರಿ ಇವೆಲ್ಲ ಇಂಧನದ ವಿಭಾಗದಲ್ಲಿ ಅಡಗಿರುತ್ತವೆ. ಕಾಡು ಕಡಿದು ಸಾಗುವಳಿ ಮಾಡಿದ್ದು ಭೂಬಳಕೆಯಲ್ಲಿ, ಕೊಳೆತ ಆಹಾರ ತ್ಯಾಜ್ಯದಲ್ಲಿ ಸೇರುತ್ತದೆ. ಎತ್ತು ಹೋಗಿ ಟಿಲ್ಲರ್ ಬಂದಾಗ ಅನಿಲದ ಒಂದು ಪಾಲು ಕೃಷಿಯ ಪುಟದಿಂದ ಇಂಧನದ ಪುಟಕ್ಕೆ ದಾಟುತ್ತದೆ. ಆದ್ದರಿಂದ ಕೃಷಿಯ ಅಂಕಿಯೊಂದನ್ನೇ ಹಿಡಿದು ಆಹಾರದ ಬಗ್ಗೆ ತೀರ್ಮಾನಕ್ಕೆ ಬರಬಾರದು. ಹಂಚಿಹೋದ ಈ ಪಾಲುಗಳನ್ನು ಒಟ್ಟುಗೂಡಿಸಿ ಕೊಡುವ ಕೆಲಸವನ್ನು ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶ ಭಂಡಾರವೂ ಐರೋಪ್ಯ ಒಕ್ಕೂಟದ ಎಡ್ಗರ್-ಫುಡ್ ದತ್ತಾಂಶವೂ ಮಾಡಿವೆ. 2021ರಲ್ಲಿ ಪ್ರಕಟವಾದ ಎಡ್ಗರ್-ಫುಡ್ ಲೆಕ್ಕದಂತೆ 2015ರಲ್ಲಿ ಮನುಷ್ಯರಿಂದಾದ ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಆಹಾರ ವ್ಯವಸ್ಥೆಯ ಪಾಲು ಸುಮಾರು ಮೂರನೆಯ ಒಂದರಷ್ಟಿತ್ತು.

ಎರಡನೆಯದಾಗಿ, ಶೇಕಡಾವಾರು ಪಾಲನ್ನೂ ಒಟ್ಟು ಪ್ರಮಾಣವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಭಾರತದ ಅಧಿಕೃತ ವರದಿಗಳ ಪ್ರಕಾರ 1994ರಲ್ಲಿ ದೇಶದ ಹೊರಸೂಸುವಿಕೆಯಲ್ಲಿ ಕೃಷಿಯ ಪಾಲು ಶೇ. 28 ಇತ್ತು; 2016ರಲ್ಲಿ ಅದು ಸುಮಾರು ಶೇ. 14ಕ್ಕೆ ಇಳಿಯಿತು. ಪಾಲು ಅರ್ಧವಾಯಿತೆಂದು ಸಮಾಧಾನಪಡುವ ಮುನ್ನ ಪ್ರಮಾಣವನ್ನು ನೋಡಬೇಕು: ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿಗೆ ಸಮೀಕರಿಸಿದ ಲೆಕ್ಕದಲ್ಲಿ 1994ರಲ್ಲಿ ಸುಮಾರು 34 ಕೋಟಿ ಟನ್ ಇದ್ದದ್ದು 2016ರಲ್ಲಿ ಸುಮಾರು 41 ಕೋಟಿ ಟನ್ ಆಗಿದೆ. ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಬಳಕೆ ಅದಕ್ಕಿಂತ ಬಹಳ ವೇಗವಾಗಿ ಬೆಳೆದದ್ದರಿಂದ ಕೃಷಿಯ ಪಾಲು ಕುಗ್ಗಿದಂತೆ ಕಾಣುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಹೆಚ್ಚು ತಾಳ್ಮೆ ಬೇಕು, ಏಕೆಂದರೆ ಬಹಳ ಮಂದಿ ತಪ್ಪುವುದು ಇಲ್ಲಿಯೇ. ಹಸುವಿನ ಬಾಯಿಗೆ ಯಾರೂ ಮಾಪಕ ಕಟ್ಟಿ ದೇಶದ ಲೆಕ್ಕ ತೆಗೆಯುವುದಿಲ್ಲ. ಹಸುಗಳ ಸಂಖ್ಯೆಯನ್ನು ಒಂದು ಗುಣಕದಿಂದ ಗುಣಿಸಿ, ಬಂದ ಮೀಥೇನನ್ನು ಮತ್ತೊಂದು ಗುಣಕದಿಂದ ಇಂಗಾಲದ ಡೈಆಕ್ಸೈಡಿಗೆ ಸಮೀಕರಿಸುತ್ತಾರೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 1996ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 46 ಕಿಲೋ ಮೀಥೇನ್ ಎಂದಿತ್ತು. 2006ರಲ್ಲಿ ಅದು 58 ಕಿಲೋ ಆಯಿತು. ನೂರು ವರ್ಷಗಳ ಅವಧಿಗೆ ಮೀಥೇನಿನ ತಾಪಸಾಮರ್ಥ್ಯವನ್ನು, ಅಂದರೆ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಎಷ್ಟು ಪಟ್ಟು ಬಿಸಿ ಹೆಚ್ಚಿಸುತ್ತದೆ ಎಂಬುದನ್ನು, ಅದೇ ಸಮಿತಿಯ ಎರಡನೆಯ ವರದಿ 21 ಎಂದೂ ಐದನೆಯ ವರದಿ 28 ಎಂದೂ ಕೊಟ್ಟಿವೆ. ಹಳೆಯ ಗುಣಕಗಳಲ್ಲಿ ಒಂದು ಹಸುವಿಗೆ 966 ಕಿಲೋ ಬಂದರೆ ಹೊಸ ಗುಣಕಗಳಲ್ಲಿ 1,624 ಕಿಲೋ ಬರುತ್ತದೆ. ಹಸು ಒಂದು ಹಿಡಿ ಹುಲ್ಲನ್ನೂ ಹೆಚ್ಚಾಗಿ ತಿಂದಿಲ್ಲ! ಬೆಟ್ಟ ಮೇಯ್ದು ಬದುಕುವ ಸಣ್ಣ ಗಾತ್ರದ ಮಲೆನಾಡು ಗಿಡ್ಡಕ್ಕೂ ಹಿಂಡಿ ತಿನ್ನುವ ಮಿಶ್ರತಳಿಗೂ ಒಂದೇ ಗುಣಕ ಹಚ್ಚಿದರೆ ತಪ್ಪು ಇನ್ನೂ ಹೆಚ್ಚುತ್ತದೆ. ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವ ಮುನ್ನ ಎರಡಕ್ಕೂ ಒಂದೇ ಗುಣಕ ಬಳಸಿದ್ದಾರೆಯೇ ಎಂದು ವರದಿಯ ಒಳಪುಟಗಳಲ್ಲಿ ನೋಡಿ. ಇಲ್ಲದಿದ್ದರೆ ನೀವೇ ಮರುಲೆಕ್ಕ ಮಾಡಿ. ನಾನು ಮೇಲೆ ಕೊಟ್ಟ 1994 ಮತ್ತು 2016ರ ಹೋಲಿಕೆಯನ್ನೂ ಇದೇ ಎಚ್ಚರದಿಂದ ಓದಬೇಕು, ಏಕೆಂದರೆ ಆ ನಡುವೆ ಲೆಕ್ಕದ ವಿಧಾನಗಳು ಪರಿಷ್ಕಾರಗೊಂಡಿವೆ.

ಗುಣಕಗಳನ್ನು ಸರಿಪಡಿಸಿಕೊಂಡ ಮೇಲೆ ಒಟ್ಟು ಪ್ರಮಾಣವನ್ನು ಉತ್ಪನ್ನದಿಂದಲೂ ಜನಸಂಖ್ಯೆಯಿಂದಲೂ ಭಾಗಿಸಿ ನೋಡಬೇಕು. 1951ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ದನ, ಎಮ್ಮೆ ಸೇರಿ ಸುಮಾರು 20 ಕೋಟಿ ಇದ್ದವು. 2019ರಲ್ಲಿ ಸುಮಾರು 30 ಕೋಟಿ. ಅಂದರೆ ಒಂದೂವರೆ ಪಟ್ಟು. ಹಾಲಿನ ಉತ್ಪಾದನೆಯಾದರೋ 1950-51ರಲ್ಲಿ 1.7 ಕೋಟಿ ಟನ್ ಇದ್ದದ್ದು 2022-23ರಲ್ಲಿ 23 ಕೋಟಿ ಟನ್ ದಾಟಿ, ಹದಿಮೂರು ಪಟ್ಟಿಗೂ ಹೆಚ್ಚಾಗಿದೆ. ಲೀಟರು ಹಾಲಿನ ಹಿಂದಿರುವ ಮೀಥೇನ್ ಬಹಳ ಇಳಿದಿದೆ, ಒಟ್ಟು ಮೀಥೇನ್ ಏರಿದೆ, ಎರಡೂ ನಿಜ. ಸಂಘದ ಡೈರಿಗೆ ಹಾಲು ಹಾಕುವ ಮಲೆನಾಡಿನ ಸಣ್ಣ ರೈತನಿಗೆ ಮೊದಲನೆಯದು ಹೇಳದೆ ಎರಡನೆಯದನ್ನು ಮಾತ್ರ ಹೇಳುವುದು ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ.

ಭತ್ತದ ವಿಚಾರದಲ್ಲಿ ಎಕರೆಗಳ ಲೆಕ್ಕಕ್ಕಿಂತ ನೀರಿನ ಲೆಕ್ಕ ಮುಖ್ಯ. ನೀರು ನಿಂತ ಕೆಸರಿಗೆ ಗಾಳಿ ತಾಗದಿದ್ದಾಗ ಸೂಕ್ಷ್ಮಜೀವಿಗಳು ಸೊಪ್ಪು, ಕೂಳೆಗಳಿಂದ ಮೀಥೇನ್ ಉಂಟುಮಾಡುತ್ತವೆ. 2006ರ ಮಾರ್ಗಸೂಚಿಯಲ್ಲಿ ಸದಾ ನೀರು ನಿಲ್ಲುವ ಗದ್ದೆಯ ಮೀಥೇನನ್ನು 1 ಎಂದಿಟ್ಟರೆ ನಡುವೆ ಒಮ್ಮೆ ನೀರು ಬಸಿದ ಗದ್ದೆಗೆ 0.60, ಮಳೆಯಾಶ್ರಿತ ಗದ್ದೆಗೆ 0.28. ಭದ್ರಾ ನಾಲೆಯ ನೀರಿನ ಗದ್ದೆಯನ್ನೂ ಮಳೆ ಬಿಟ್ಟರೆ ಒಣಗುವ ಮಕ್ಕಿ ಗದ್ದೆಯನ್ನೂ ಒಂದೇ ಸಾಲಿನಲ್ಲಿ ಬರೆಯಬಾರದೆಂಬುದು ಇದರಿಂದ ತಿಳಿಯುತ್ತದೆ. ನೀರು ಬಸಿದಾಗ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಎಂಬ ಮತ್ತೊಂದು ಹಸಿರುಮನೆ ಅನಿಲ ಹೆಚ್ಚಬಹುದಾದ್ದರಿಂದ ಆ ಅಂಕಣವನ್ನೂ ಜೊತೆಗೇ ಇಟ್ಟುಕೊಳ್ಳಿ.

ಒಂದೇ ವರ್ಷದ ಏರಿಳಿತವನ್ನು ನಂಬಬೇಡಿ. 2020ರಲ್ಲಿ ಭಾರತದ ಒಟ್ಟು ಹೊರಸೂಸುವಿಕೆ ಹಿಂದಿನ ವರ್ಷಕ್ಕಿಂತ ಶೇ. 7.93ರಷ್ಟು ಇಳಿದದ್ದು ಕೋವಿಡ್ ಕಾಲದ ಸ್ಥಿತಿಯೇ ಹೊರತು ದಿಕ್ಕಿನ ಬದಲಾವಣೆಯಲ್ಲ. ಐದು ವರ್ಷಗಳ ಸರಾಸರಿ ಸಾಕು.

ಕೊನೆಗೆ ಗಡಿಯ ಪ್ರಶ್ನೆ ಉಳಿಯುತ್ತದೆ. ಅಡಿಕೆ ತೋಟವಾದ ಗದ್ದೆಯ ಮನೆಯವರು ಅನ್ನ ಬಿಟ್ಟಿಲ್ಲ. ಅವರ ಅಕ್ಕಿ ಈಗ ಬಯಲುಸೀಮೆಯ ನಾಲೆಯ ಕೆಳಗೆ ಬೆಳೆದು, ಗಿರಣಿ ಹಾದು, ಲಾರಿಯಲ್ಲಿ ಘಟ್ಟದ ಕಡೆಗೆ ಬರುತ್ತದೆ. ದೇಶಗಳ ನಡುವೆಯೂ ಹೀಗೆಯೇ. ಭಾರತ ಹೊರದೇಶಗಳಿಗೆ ಕಳಿಸುವ ಅಕ್ಕಿಯ ಮೀಥೇನ್ ಭಾರತದ ಲೆಕ್ಕದಲ್ಲಿಯೇ ಉಳಿಯುತ್ತದೆ, ನಾವು ತರಿಸಿಕೊಳ್ಳುವ ತಾಳೆ ಎಣ್ಣೆಗಾಗಿ ಕಡಿದ ಕಾಡು ಇಂಡೋನೇಷ್ಯಾ, ಮಲೇಷ್ಯಾಗಳ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ನೀವು ಸಿದ್ಧಪಡಿಸಿದ ಪಟ್ಟಿಯ ಪಕ್ಕದಲ್ಲಿ ಆಮದು ಮತ್ತು ರಫ್ತಿನ ಎರಡು ಅಂಕಣಗಳನ್ನು ಎಳೆದು, ಅದೇ ವರ್ಷಗಳ ಟನ್ನುಗಳನ್ನು ಅಲ್ಲಿ ತುಂಬಿ, ಅನಂತರವೇ ಗೆರೆ ಇಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ.