ಎಐಗೆ ಮೊದಲ ಕೆಲಸ ಕೊಡುವುದು ಹೇಗೆ?

ಎಐ ಬಳಸಿ ನೋಡೋಣ ಎಂದು ಕೂತವರು ಬಹುಪಾಲು ತಮಗೆ ಗೊತ್ತಿಲ್ಲದ ವಿಷಯವನ್ನೇ ಮೊದಲು ಕೇಳುತ್ತಾರೆ. ಥಟ್ಟನೆ ಉತ್ತರ ಬರುತ್ತದೆ, ಓದಲು ಸೊಗಸಾಗಿಯೂ ಇರುತ್ತದೆ. ಅದು ಸರಿಯೋ ತಪ್ಪೋ ಎಂದು ಹೇಳಲು ಮಾತ್ರ ಅವರಿಂದ ಆಗುವುದಿಲ್ಲ. ಹೊಸಬರಿಗೆ ನನ್ನ ಸಲಹೆ ಬೇರೆ: ನಿಮಗೆ ಚೆನ್ನಾಗಿ ಬರುವ, ಆದರೆ ಮಾಡಲು ಬೇಸರ ತರಿಸುವ ಕೆಲಸವನ್ನೇ ಮೊದಲು ಕೊಡಿ. ತಪ್ಪಿದ್ದರೆ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ಈ ಉಪಕರಣ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬ ಅಂದಾಜೂ ಸಿಗುತ್ತದೆ.

ಹೀಗೆ ಹೇಳಲು ಕಾರಣವಿದೆ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಕೋಪೈಲಟ್ ಎಲ್ಲದರ ಹಿಂದಿರುವುದು ಭಾಷಾ ಮಾದರಿ. ಅಪಾರ ಪಠ್ಯದ ಮೇಲೆ ತರಬೇತಿ ಪಡೆದ ಅದು, ಈವರೆಗಿನ ಮಾತಿನ ಮುಂದೆ ಏನು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತಾ ತುಣುಕು ತುಣುಕಾಗಿ ವಾಕ್ಯ ಕಟ್ಟುತ್ತದೆ. ಹಾಗಾಗಿ ನಿಜವನ್ನೂ ನಿಜದಂತೆ ಕಾಣುವುದನ್ನೂ ಒಂದೇ ಧಾಟಿಯಲ್ಲಿ ಹೇಳಬಲ್ಲದು.

ಹಂತ 1: ಒಂದೇ ಉಪಕರಣ, ಒಂದೇ ಕೆಲಸ

ಯಾವುದು ಉತ್ತಮ ಎಂದು ಹೋಲಿಸುತ್ತಾ ಕೂರಬೇಡಿ. ಒಂದನ್ನು ಆರಿಸಿ, ಉಚಿತ ಆವೃತ್ತಿಯಲ್ಲೇ ಆರಂಭಿಸಿ. ಉದ್ದದ ಇಮೇಲ್‌ಗಳ ಸಾರಾಂಶ ಮಾಡುವುದು, ಸಭೆಯಲ್ಲಿ ಗೀಚಿಕೊಂಡ ಟಿಪ್ಪಣಿಯಿಂದ ಯಾರು ಏನು ಮಾಡಬೇಕೆಂಬ ಪಟ್ಟಿ ತೆಗೆಯುವುದು, ಅವಸರದಲ್ಲಿ ಬರೆದ ಕರಡನ್ನು ತಿದ್ದುವುದು ಮೊದಲಿಗೆ ಚೆನ್ನಾಗಿ ಹೊಂದುತ್ತವೆ. ಇವುಗಳಲ್ಲಿ ಮೂಲ ಪಠ್ಯ ನಿಮ್ಮ ಕೈಯಲ್ಲೇ ಇರುವುದರಿಂದ ಪಕ್ಕಕ್ಕಿಟ್ಟು ತಾಳೆ ನೋಡಬಹುದು.

ಹಂತ 2: ಅಂಟಿಸುವ ಮೊದಲು ಒಂದು ಸಲ ಓದಿ

ಪಾಸ್‌ವರ್ಡ್, ಬ್ಯಾಂಕ್ ವಿವರ, ಗ್ರಾಹಕರ ಹೆಸರು ಮತ್ತು ಫೋನ್ ಸಂಖ್ಯೆ, ಸಹೋದ್ಯೋಗಿಯ ಆರೋಗ್ಯದ ಮಾಹಿತಿ ಇವ್ಯಾವುದೂ ಒಳಗೆ ಹೋಗಬಾರದು. ಹೆಸರಿನ ಜಾಗದಲ್ಲಿ ‘ಗ್ರಾಹಕ 1’ ಎಂದು ಬರೆದರೂ ಕೆಲಸ ನಡೆಯುತ್ತದೆ. 2023ರಲ್ಲಿ ಸ್ಯಾಮ್‌ಸಂಗ್ ಕಂಪನಿ, ಸಿಬ್ಬಂದಿಯು ಒಳಗಿನ ಸೋರ್ಸ್ ಕೋಡನ್ನು (ತಂತ್ರಾಂಶದ ಮೂಲ ಬರಹವನ್ನು) ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾದ ಮೇಲೆ ಇಂಥ ಉಪಕರಣಗಳ ಬಳಕೆಗೆ ನಿರ್ಬಂಧ ಹೇರಿತು. ನಿಮ್ಮ ಕಚೇರಿಯ ನಿಯಮ ಏನೆಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಸಂಭಾಷಣೆಯನ್ನು ತರಬೇತಿಗೆ ಬಳಸದಂತೆ ತಡೆಯುವ ಆಯ್ಕೆ ಹಲವು ಉಪಕರಣಗಳ ಸೆಟ್ಟಿಂಗ್ಸ್‌ನಲ್ಲಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಹಂತ 3: ಪ್ರಾಂಪ್ಟ್ ಬರೆಯುವುದು

ಪ್ರಾಂಪ್ಟ್ ಎಂದರೆ ಎಐಗೆ ನಾವು ಬರೆದುಕೊಡುವ ಸೂಚನೆ. ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇಲ್ಲಿ. ‘ಗ್ರಾಹಕರಿಗೆ ಒಂದು ಇಮೇಲ್ ಬರೆದುಕೊಡು’ ಎಂದಷ್ಟೇ ಹೇಳಿದರೆ, ಯಾವ ಕಂಪನಿ ಯಾರಿಗೆ ಬೇಕಾದರೂ ಕಳಿಸಬಹುದಾದ ಸಪ್ಪೆ ಪತ್ರ ಬರುತ್ತದೆ. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ ಸಹಾಯಕರಿಗೆ ಹೇಳುವಂತೆ ಎಲ್ಲವನ್ನೂ ಬಿಡಿಸಿ ಹೇಳಬೇಕು: ನೀವು ಯಾರು, ಓದುವವರು ಯಾರು, ನಡೆದದ್ದೇನು, ಎಷ್ಟು ಉದ್ದ ಬೇಕು, ಏನು ಬೇಡ. ಉದಾಹರಣೆಗೆ:

‘ನಾನು ಪೀಠೋಪಕರಣ ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿದ್ದೇನೆ. ಗ್ರಾಹಕರೊಬ್ಬರ ಮೇಜು ಸೋಮವಾರ ತಲುಪಬೇಕಿತ್ತು, ಗುರುವಾರ ತಲುಪುತ್ತದೆ. ಸಾಗಣೆ ವಾಹನ ಕೆಟ್ಟಿದ್ದೇ ಕಾರಣ. ಅವರು ಈಗಾಗಲೇ ಒಮ್ಮೆ ದೂರು ಕೊಟ್ಟಿದ್ದಾರೆ. 100 ಪದಗಳೊಳಗೆ ಇಮೇಲ್ ಬರೆದುಕೊಡಿ. ಮೊದಲ ವಾಕ್ಯದಲ್ಲೇ ಹೊಸ ದಿನ ಇರಲಿ. ಕ್ಷಮೆ ಒಮ್ಮೆ ಕೇಳಿದರೆ ಸಾಕು. ರಿಯಾಯಿತಿಯ ಭರವಸೆ ಬೇಡ.’

ಕೊನೆಯ ವಾಕ್ಯವನ್ನು ಗಮನಿಸಿ. ಅದನ್ನು ಹೇಳದಿದ್ದರೆ, ಕಂಪನಿ ಕೊಡದ ರಿಯಾಯಿತಿಯನ್ನು ಎಐ ತಾನಾಗಿಯೇ ಘೋಷಿಸಿಬಿಡುವ ಸಾಧ್ಯತೆಯಿದೆ. ನಿಮ್ಮ ಶೈಲಿಯೇ ಬೇಕಿದ್ದರೆ, ನೀವು ಹಿಂದೆ ಬರೆದ ಒಂದೆರಡು ಇಮೇಲ್‌ಗಳನ್ನು ಮಾದರಿಗೆ ಅಂಟಿಸಿ. ‘ಆತ್ಮೀಯವಾಗಿ ಬರೆಯಿರಿ’ ಎನ್ನುವುದಕ್ಕಿಂತ ಮಾದರಿ ತೋರಿಸುವುದೇ ಹೆಚ್ಚು ಫಲ ಕೊಡುತ್ತದೆ.

ಕನ್ನಡದಲ್ಲೇ ಕೇಳಿ, ಖಂಡಿತ ಅರ್ಥವಾಗುತ್ತದೆ. ಆದರೆ ಈ ಮಾದರಿಗಳು ಕಲಿತ ಪಠ್ಯದಲ್ಲಿ ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡದ ಪಾಲು ತೀರಾ ಕಡಿಮೆ. ಹಾಗಾಗಿ ಬರುವ ಕನ್ನಡ ಕೆಲವೊಮ್ಮೆ ಅನುವಾದದಂತೆ ಬಿಗಿಯಾಗಿರುತ್ತದೆ. ‘ಚಿಕ್ಕ ವಾಕ್ಯಗಳಿರಲಿ, ಆಡುಮಾತಿಗೆ ಹತ್ತಿರವಿರಲಿ’ ಎಂದು ಸೇರಿಸಿ, ಒಮ್ಮೆ ಗಟ್ಟಿಯಾಗಿ ಓದಿ ತಿದ್ದಿ.

ಹಂತ 4: ಮೊದಲ ಉತ್ತರಕ್ಕೆ ನಿಲ್ಲಬೇಡಿ

ಇಷ್ಟವಾಗದಿದ್ದರೆ ಎಲ್ಲಿ ಇಷ್ಟವಾಗಲಿಲ್ಲ ಎಂದು ಹೇಳಿ. ‘ಚೆನ್ನಾಗಿಲ್ಲ’ ಎಂದರೆ ಅದಕ್ಕೆ ದಿಕ್ಕು ತಿಳಿಯದು. ‘ಎರಡನೇ ಪ್ಯಾರಾ ತೆಗೆಯಿರಿ, ಕಾರಣವನ್ನು ಒಂದೇ ವಾಕ್ಯಕ್ಕೆ ಇಳಿಸಿ’ ಎಂದರೆ ತಿಳಿಯುತ್ತದೆ. ಇನ್ನೊಂದು ಉಪಯುಕ್ತ ಅಭ್ಯಾಸ: ‘ಬರೆಯುವ ಮೊದಲು ನಿಮಗೆ ಬೇಕಾದ ಮಾಹಿತಿಯನ್ನು ನನ್ನನ್ನು ಕೇಳಿ’ ಎನ್ನಿ. ನೀವು ಹೇಳಲು ಮರೆತದ್ದು ಅದರ ಪ್ರಶ್ನೆಯಲ್ಲೇ ಹೊರಬರುತ್ತದೆ. ವಿಷಯ ಬದಲಾದಾಗ ಹೊಸ ಚಾಟ್ ತೆರೆಯಿರಿ, ಹಳೆಯ ಮಾತು ಹೊಸ ಕೆಲಸದೊಳಗೆ ನುಸುಳದಿರಲಿ.

ಹಂತ 5: ಲೆಕ್ಕ ಬೇಡ, ಸೂತ್ರ ಕೇಳಿ

ಅಂಕಿಗಳ ಉದ್ದದ ಪಟ್ಟಿ ಅಂಟಿಸಿ ‘ಒಟ್ಟು ಎಷ್ಟು’ ಎಂದು ಕೇಳಿದರೆ ತಪ್ಪಾಗಬಹುದು. ಬದಲಿಗೆ, ‘ಎ ಕಾಲಂನಲ್ಲಿ ವಿಭಾಗ, ಬಿ ಕಾಲಂನಲ್ಲಿ ಖರ್ಚು ಇದೆ, ವಿಭಾಗವಾರು ಒಟ್ಟು ಬರುವ ಎಕ್ಸೆಲ್ ಸೂತ್ರ ಕೊಡಿ’ ಎಂದು ಕೇಳಿ. ಸಮ್‌ಇಫ್ (SUMIF) ಸೂತ್ರವನ್ನು ವಿವರಣೆಯೊಂದಿಗೆ ಕೊಡುತ್ತದೆ, ಕೂಡುವ ಕೆಲಸ ಎಕ್ಸೆಲ್‌ನದು. ನಾಲ್ಕೈದು ಸಾಲುಗಳನ್ನು ಕೈಯಲ್ಲೇ ಕೂಡಿ ನೋಡಿದರೆ ಸೂತ್ರದ ಹಣೆಬರಹ ತಿಳಿಯುತ್ತದೆ. ಇದರಲ್ಲಿ ಇನ್ನೊಂದು ಲಾಭ, ನಿಜವಾದ ಅಂಕಿಗಳನ್ನು ಹೊರಗೆ ಕಳಿಸಬೇಕಾಗಿಯೇ ಇಲ್ಲ.

ಹಂತ 6: ಪರಿಶೀಲನೆ

ಹೆಸರು, ದಿನಾಂಕ, ಮೊತ್ತ, ಕಾನೂನಿನ ಕಲಮು, ಉಲ್ಲೇಖ, ವೆಬ್ ಕೊಂಡಿ ಈ ಆರರ ಮೇಲೂ ಬೆರಳಿಟ್ಟು ಮೂಲಕ್ಕೆ ಹೋಗಿ ನೋಡಿ. ಸಾರಾಂಶವಾದರೆ, ಮೂಲದಲ್ಲಿದ್ದ ‘ಇಲ್ಲ’, ‘ಹೊರತು’, ‘ಷರತ್ತಿಗೆ ಒಳಪಟ್ಟು’ ಎಂಬ ಮಾತುಗಳು ಬಿಟ್ಟುಹೋಗಿವೆಯೇ ಎಂದೂ ನೋಡಿ.

‘ಇದು ನಿಜವೇ?’ ಎಂದು ಎಐಯನ್ನೇ ಕೇಳುವುದು ಪರಿಶೀಲನೆಯಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ, ವಿಮಾನಯಾನ ಕಂಪನಿಯ ವಿರುದ್ಧದ ಮೊಕದ್ದಮೆಯೊಂದರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಅಂಥ ಪ್ರಕರಣಗಳೇ ಇರಲಿಲ್ಲ. ಇವು ನಿಜವೇ ಎಂದು ಕೇಳಿದಾಗ ಚಾಟ್‌ಜಿಪಿಟಿ ಹೌದೆಂದೇ ಉತ್ತರಿಸಿತ್ತು. ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು.

ಹಂತ 7: ಪಳಗಿದ ಪ್ರಾಂಪ್ಟ್ ಉಳಿಸಿಕೊಳ್ಳಿ

ಚೆನ್ನಾಗಿ ಕೆಲಸ ಮಾಡಿದ ಪ್ರಾಂಪ್ಟ್‌ಗಳನ್ನು ಒಂದು ಕಡತದಲ್ಲಿ ಸೇರಿಸಿಡಿ. ದಿನಾಂಕ, ವಸ್ತು, ಕಾರಣ ಇರುವ ಜಾಗಗಳನ್ನು ಖಾಲಿ ಬಿಟ್ಟರೆ ಮುಂದಿನ ಸಲ ತುಂಬಿಸಿದರಾಯಿತು. ಬರೆಯುವ ಸಮಯದ ಜೊತೆ ತಿದ್ದುವ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿ. ನೀವೇ ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚಾಗುತ್ತಿದ್ದರೆ ಆ ಕೆಲಸವನ್ನು ನಿಮ್ಮಲ್ಲೇ ಇಟ್ಟುಕೊಂಡು, ಹಂತ 1ರಲ್ಲಿ ಹೇಳಿದ ಇನ್ನೊಂದು ಕೆಲಸವನ್ನು ಕೊಟ್ಟು ನೋಡಿ.